ಹವಳಕ್ಕೆ ಬಣ್ಣ ಬಂದ ಬಗೆ

ಬಣ್ಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಒಂಟಿಕೊಪ್ಪಲಿನ ಅರ್ಧ ಮಕ್ಕಳಿಗೆ ನಾನೇ ಡ್ರಾಯಿಂಗ್ ಮೇಷ್ಟ್ರು. ಆದ್ದರಿಂದ ಚೆನ್ನೈನಲ್ಲಿದ್ದ ನನ್ನ ಭಾಮೈದ ಗುರುಪ್ರಸಾದ ತನ್ನ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಜೀವಂತ ಹವಳಗಳ ಸಮೇತ ನಮ್ಮ ಹಾಲ್‌ನಲ್ಲಿ ಇಳಿಸಿ, "ಭಾವ, ಇವುಗಳ ಬಣ್ಣ ಉಳಿಸ್ಕೊಳ್ಳೋದು ಸ್ವಲ್ಪ ಕಷ್ಟ" ಎಂದಾಗ ನಾನು ನಕ್ಕೆ.

ಹಸಿರು, ಕಿತ್ತಳೆ, ನೇರಳೆ. ಕೆಲವು ಅಂಗಿಯ ಗುಂಡಿಯಂತೆ, ಕೆಲವು ಅಣಬೆಯಂತೆ ಅರಳಿಕೊಂಡಿದ್ದವು. ಉಪ್ಪುನೀರು ಬೆರೆಸಿ ಬದಲಾಯಿಸುವುದನ್ನು ನನ್ನ ಹೆಂಡತಿ ಗಿರಿಜೆ ತಮ್ಮನಿಂದ ಕಲಿತಳು. ಅವುಗಳ ಸೌಂದರ್ಯದ ಹೊಣೆ ನಾನು ಹೊತ್ತೆ.

ಬಡಕಲು ಜೀವಗಳು, ಹೊಟ್ಟೆ ತುಂಬಿದರೆ ಮೈಬಣ್ಣ ತಾನಾಗಿ ಬರುತ್ತದೆ ಎಂದುಕೊಂಡು ಮೀನಿನ ಆಹಾರದ ಪುಡಿಯನ್ನು ಧಾರಾಳವಾಗಿ ಸುರಿದೆ. ಹವಳಗಳು ಕಂದಾದವು. ಹಸಿವು ಇನ್ನೂ ತೀರಿಲ್ಲವೆಂದು ಮತ್ತಷ್ಟು ಸುರಿದೆ. ಹಳೇ ಬೆಲ್ಲದ ಬಣ್ಣಕ್ಕೆ ಬಂದವು.

"ಹಾಕಿದ್ದೆಲ್ಲ ಕೊಳೀತಿದೆ ಕಣ್ರೀ, ವಾಸನೆ ಬರ್ತಿದೆ" ಎಂದಳು ಗಿರಿಜೆ.

ಹಾಗಾದರೆ ಬೆಳಕು ಸಾಲದು ಎಂದು ನಾನು ತೀರ್ಮಾನಿಸಿದೆ. ತೊಟ್ಟಿಯ ಮೇಲೆ ಮದುವೆ ವಿಡಿಯೋ ತೆಗೆಯುವವರ ದೊಡ್ಡ ದೀಪವೊಂದನ್ನು ಕಟ್ಟಿದೆ. ನೀರು ಬಿಸಿಯಾಯಿತು. ಅರ್ಧ ಹವಳಗಳು ಬೆಳ್ಳಗೆ ಬಿಳಿಚಿಕೊಂಡವು. ಕಂದು, ಬಿಳಿ; ಕಲಾವಿದನೊಬ್ಬ ಆರು ವಾರದಲ್ಲಿ ಸಾಧಿಸಿದ ವರ್ಣವೈಭವ ಅದು.

ಆ ಹೊತ್ತಿಗೆ ಸರಿಯಾಗಿ ನಮ್ಮ ಮಗಳು ಸುಧಾಳನ್ನು ನೋಡಲು ಕುಂಬಾರಕೊಪ್ಪಲಿನಿಂದ ಗಂಡಿನ ಕಡೆಯವರು ಬರುವುದೆಂದಾಯಿತು. ಹುಡುಗನ ತಂದೆಯ ಮುಂದೆ ನಾನು ಹವಳದ ಬಗ್ಗೆ ಬೇಕಾದಷ್ಟು ಕೊಚ್ಚಿಕೊಂಡಿದ್ದೆ. ಈಗೇನು ಮಾಡುವುದು? ಅಕ್ವೇರಿಯಂ ಅಂಗಡಿಯವನು ಉಪಾಯ ಹೇಳಿದ. ನೀಲಿ ಟ್ಯೂಬ್‌ಲೈಟ್ ಹಾಕಿದರೆ ಹವಳ ಹೊಳೆದು ಕಾಣುತ್ತದಂತೆ. ಆ ದೊಡ್ಡ ದೀಪ ಬಿಚ್ಚಿ, ಇದನ್ನು ತಂದು ಹಾಕಿದೆ. ನಿಜಕ್ಕೂ ಹೊಳೆದವು. ಇನ್ನಷ್ಟು ಹೊಳೆಯಲೆಂದು ಕಿಟಕಿಯ ಪರದೆ ಎಳೆದು, ಹಾಲ್‌ನ ದೀಪ ಆರಿಸಿಬಿಟ್ಟೆ.

ಗಂಡಿನವರು ಒಳಗೆ ಬಂದರು. ಎಲ್ಲರೂ ನೀಲಿಯಾದರು. ಹುಡುಗನ ತಂದೆಯ ಪಂಚೆ ಮಾತ್ರ ಝಗಝಗ ಹೊಳೆಯುತ್ತಿತ್ತು, ನಕ್ಕಾಗ ಹಲ್ಲುಗಳೂ. ಸುಧಾ ಕೇಸರಿಬಾತಿನ ತಟ್ಟೆ ಹಿಡಿದು ಬಂದಳು. ಕೇಸರಿಬಾತು ಕಪ್ಪಗೆ ಕಂಡಿತು.

ಹುಡುಗನ ಅಜ್ಜಿ ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು, "ತಳ ಹಿಡ್ದಿತ್ತೇನವ್ವ?" ಎಂದು ಕೇಳಿದರು. ಆಮೇಲೆ ಸುತ್ತ ನೋಡಿ, "ಹುಡ್ಗಿ ಎಲ್ ಕೂತವ್ಳೆ?" ಎಂದರು.

"ಇಲ್ಲೇ ಇದೀನಿ ಅಜ್ಜಿ," ಎಂದಳು ಸುಧಾ. "ಇವತ್ತು ನನ್ನ ನೋಡೋಕೆ ಬಂದಿದ್ದೋ, ಅಪ್ಪನ ಹವಳ ನೋಡೋಕೋ ಅಂತ ನಂಗೂ ಗೊತ್ತಾಗ್ತಿಲ್ಲ."

ನಾನು ಗಂಭೀರವಾಗಿ, ಸಮುದ್ರದ ಆಳದಲ್ಲಿ ಬೆಳಕು ಹೀಗೇ ಇರುತ್ತದೆ ಎಂದು ವಿವರಿಸತೊಡಗಿದೆ. "ನಾವು ಸಮುದ್ರಕ್ಕೆ ಹೆಣ್ಣು ಕೇಳಕ್ಕೆ ಬಂದಿಲ್ಲ, ಮೇಷ್ಟ್ರೇ," ಎಂದರು ಅಜ್ಜಿ. "ಲೈಟ್ ಹಾಕ್ಸಿ."

ಗಿರಿಜೆ ಎದ್ದು ಹೋಗಿ ಸ್ವಿಚ್ ಒತ್ತಿದಳು. ಪರದೆಯನ್ನೂ ಸರಿಸಿದಳು. ತೊಟ್ಟಿಯಲ್ಲಿ ಕಂದು ಬಿಳಿ ಮುದ್ದೆಗಳು ಕಂಡವು. ಸುಧಾ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳನ್ನು ಆಗಷ್ಟೇ ಸರಿಯಾಗಿ ನೋಡಿದ ಹುಡುಗ, ನಗು ತಡೆಯಲಾರದೆ ಕೆಮ್ಮಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸಂಬಂಧ ಕುದುರಿತು. ನನ್ನ ಪಾತ್ರ ಅದರಲ್ಲಿ ಎಷ್ಟೆಂದು ಇಂದಿಗೂ ಯಾರೂ ಸ್ಪಷ್ಟವಾಗಿ ಹೇಳಿಲ್ಲ.

ಆಮೇಲೆ ಛತ್ರ, ಅಡುಗೆಯವರು, ಲಗ್ನಪತ್ರಿಕೆ ಎಂದು ನಾನು ಬೀದಿಪಾಲಾದೆ. ತೊಟ್ಟಿಯ ಕಡೆ ತಿರುಗಿ ನೋಡಲೂ ಪುರುಸೊತ್ತಿರಲಿಲ್ಲ. ಗಿರಿಜೆ ಆಗಾಗ ಒಂದಿಷ್ಟು ನೀರು ಬದಲಾಯಿಸುತ್ತಿದ್ದಳು, ಅಷ್ಟೇ.

ಮದುವೆಗೆ ಬಂದ ಗುರುಪ್ರಸಾದ ಚಪ್ಪಲಿ ಬಿಡುವುದನ್ನೂ ಮರೆತು ತೊಟ್ಟಿಯ ಮುಂದೆ ನಿಂತ. ನಾನೂ ಆಗಲೇ ನೋಡಿದ್ದು. ಹಸಿರು, ಕಿತ್ತಳೆ ತಿರುಗಿ ಬಂದಿದ್ದವು. ಬಿಳಿಚಿದ್ದ ಒಂದೆರಡರ ಅಂಚಿನಲ್ಲಿ ನೇರಳೆ ಇಣುಕುತ್ತಿತ್ತು.

"ಭಾವ, ಎಂಥ ಬಣ್ಣ! ಏನ್ ಮಾಡಿದ್ರಿ?" ಎಂದ.

ನಾನು ಗಂಟಲು ಸರಿಮಾಡಿಕೊಂಡು, ಎರಡು ಹೆಜ್ಜೆ ಮುಂದೆ ಬಂದು ನಿಂತೆ.

"ಏನೂ ಮಾಡ್ಲಿಲ್ಲ ಕಣೋ," ಎಂದಳು ಗಿರಿಜೆ ಅಡುಗೆಮನೆಯಿಂದ. "ಅದಕ್ಕೇ ಬಂದಿರೋದು."