ರೋಮನ್ ಕೋಟೆಯಲ್ಲಿ ಮೊಸರನ್ನ

ನಾನು ಹಟಮಾರಿ ಎಂದು ನಮ್ಮ ಮನೆಯವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ; ನಾನು ಅದನ್ನು ನಿಷ್ಠೆ ಎಂದು ತಿದ್ದುತ್ತ ಬಂದಿದ್ದೇನೆ. ಮೈಸೂರಿನಲ್ಲಿ ಆಯುಷ್ಯವೆಲ್ಲ ಸಂಸ್ಕೃತ ಪಾಠ ಹೇಳಿದವನಿಗೆ ಪರರ ಮಾತನ್ನು ತಿದ್ದುವ ಚಟ ಸುಲಭವಾಗಿ ಬಿಡುವುದಿಲ್ಲ. ಮನೆಯೊಳಗಿನ ಈ ವ್ಯಾಜ್ಯ ಮೆಲ್ಬರ್ನಿನ ಹೊರವಲಯದ ಒಂದು ರೋಮನ್ ಕೋಟೆಯಲ್ಲಿ ಹೇಗೆ ವಿಚಾರಣೆಗೆ ಬಂತೆಂಬುದನ್ನು ಇಲ್ಲಿ ನಿವೇದಿಸುತ್ತೇನೆ.

ಆಸ್ಟ್ರೇಲಿಯಕ್ಕೆ ರೋಮನ್ನರು ಬಂದಿದ್ದರೇ ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ: ಬಂದಿರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ, ನಾನು ಮಗಳು ಸುಮಾಳ ಮನೆಯಲ್ಲಿದ್ದ ಕಾಲಕ್ಕೆ, ಪುರಾತನದ ಮೇಲೆ ಮೋಹವುಳ್ಳ ಕೆಲವರು ವಿಂಡಮ್ ವೇಲ್ ಆಚೆಯ ಬಯಲಿನಲ್ಲಿ ದಿಮ್ಮಿ ನೆಟ್ಟು, ಕಂದಕ ತೋಡಿ, ಎರಡು ಸಾವಿರ ವರ್ಷ ಹಳೆಯ ಕೋಟೆಯೊಂದನ್ನು ಹೊಸದಾಗಿ ಕಟ್ಟಿದ್ದರು. ಭಾನುವಾರ ಅದರೊಳಗೆ ಸಂತೆ. ಕುಂಬಾರಗಿತ್ತಿ, ಕಮ್ಮಾರ, ನೂಲುವವಳು, ಎಲ್ಲರೂ ಅಂದಿನ ಉಡುಪಿನಲ್ಲಿ. ನಿಯಮ ಒಂದೇ: ರೋಮನ್ನರ ಬಳಿ ಇಲ್ಲದಿದ್ದ ವಸ್ತು ಒಳಗೆ ಕಣ್ಣಿಗೆ ಬೀಳಬಾರದು.

ಒಂದು ಭಾನುವಾರ ಸುಮಾ ನನ್ನನ್ನೂ ಮೊಮ್ಮಗಳು ಅನನ್ಯಾಳನ್ನೂ ಅಲ್ಲಿಗೆ ಕರೆದೊಯ್ದಳು. ಬಾಗಿಲಲ್ಲಿ ಈಟಿ ಹಿಡಿದಿದ್ದ ಸೈನಿಕ ವಾರದ ದಿನಗಳಲ್ಲಿ ಅನನ್ಯಾಳ ಶಾಲೆಯ ಬಸ್ ಓಡಿಸುವವನು. ನನ್ನ ಪಂಚೆ, ಶಲ್ಯ ನೋಡಿ ತಲೆದೂಗಿದ. ಕೈಗಡಿಯಾರವನ್ನು ಬಿಚ್ಚಲು ಹೇಳಿದ, ಬಿಚ್ಚಿದೆ. ಸುಮಾಳ ಚೀಲದಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಕಂಡು ಈಟಿಯನ್ನು ಅಡ್ಡ ಹಿಡಿದ. ಅವನ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಂದುಕೊಂಡಿದ್ದೇನೆ.

"ಸಾರಿ ಮೇಟ್, ಅದು ಕಾರಿನಲ್ಲಿರಲಿ. ಒಳಗೆ ರೋಮನ್ ಊಟವೇ ಸಿಗುತ್ತದೆ."

"ಏನು ಊಟ?"

"ಸಾಸೇಜು. ಜೊತೆಗೆ ಮೀನಿನ ರಸ."

"ಡಬ್ಬಿಯೊಂದೇ ಹೊಸದು, ಸ್ವಾಮಿ. ಅದರೊಳಗಿನ ಮೊಸರನ್ನಕ್ಕೆ ನಿಮ್ಮ ರೋಮಿನಷ್ಟೇ ವಯಸ್ಸಾಗಿದೆ."

"ಅಪ್ಪ, ಸುಮ್ನೆ ಕಾರಲ್ಲೇ ತಿಂದ್ಕೊಂಡ್ ಬನ್ನಿ, ಪ್ಲೀಸ್. ಹಿಂದೆ ಎಷ್ಟ್ ಜನ ಕ್ಯೂನಲ್ಲಿದ್ದಾರೆ ನೋಡಿ," ಎಂದಳು ಸುಮಾ.

ಚಪ್ಪಲಿ ಮೆಟ್ಟಿಕೊಂಡು, ಸೀಟಿನ ಮೇಲೆ ಕಾಲು ಇಳಿಬಿಟ್ಟು ಊಟ ಮಾಡುವುದು ನನ್ನಿಂದಾಗದು. ನಾನು ಅಲ್ಲೇ ನಿಂತೆ. ಕೋಟೆಗಳು ಮುತ್ತಿಗೆಗಳಿಗೆ ಹೇಗೆ ಬೀಳುತ್ತವೆ ಎಂಬುದು ನನಗೆ ಅಂದು ಅರ್ಥವಾಯಿತು: ಮುದುಕನೊಬ್ಬ ಬಾಗಿಲಲ್ಲಿ ಕದಲದೆ ನಿಂತರೆ ಸಾಕು. ಕಡೆಗೆ ಕುಂಬಾರಗಿತ್ತಿಯೇ ಎದ್ದು ಬಂದು, ಯಾರೂ ಮುಟ್ಟದ ಹೊಸ ಮಣ್ಣಿನ ಬಟ್ಟಲೊಂದನ್ನು ಕೊಟ್ಟಳು. ಮೊಸರನ್ನ ಅದಕ್ಕೆ ವರ್ಗವಾಯಿತು; ಡಬ್ಬಿ ಕಾರಿಗೆ ಹೋಯಿತು; ಈಟಿ ಸರಿಯಿತು.

ಗೋಡೆಯ ನೆರಳಿನಲ್ಲಿ ಶಲ್ಯ ಹಾಸಿ ಕುಳಿತೆ. ಊಟಕ್ಕೆ ಮುನ್ನ ಅಂಗೈಯಲ್ಲಿ ನೀರು ಹಿಡಿದು, ಮಂತ್ರ ಹೇಳಿ, ಅನ್ನದ ಸುತ್ತ ಸುರಿಯುವ ಪರಿಷೇಚನೆ ನಮ್ಮಲ್ಲಿ ಬಿಡುವಂತಿಲ್ಲ. ಪಾಠಶಾಲೆಯ ದಿನಗಳಲ್ಲಿ ಒಂದಕ್ಷರ ನುಂಗಿದ್ದಕ್ಕೆ ನಮ್ಮ ಗುರುಗಳು ನನ್ನಿಂದ ಅದನ್ನು ಮೊದಲಿನಿಂದ ಹೇಳಿಸಿದ್ದರು; ಅಷ್ಟರಲ್ಲಿ ಪಾಯಸದ ಕೊಳಗ ನನ್ನ ಎಲೆಯನ್ನು ದಾಟಿ ಹೋಗಿತ್ತು. ಹೀಗಾಗಿ ಗಟ್ಟಿಯಾಗಿ, ಸ್ಪಷ್ಟವಾಗಿ, ಕಣ್ಣು ಮುಚ್ಚಿ ಹೇಳಿದೆ. ಪ್ರಾಣಾಹುತಿಯ ಐದು ತುತ್ತುಗಳನ್ನು ಒಂದೊಂದಾಗಿ ಅರ್ಪಿಸಿ ಕಣ್ಣು ತೆರೆದರೆ ಸುತ್ತ ಒಂದು ಸೇನೆಯೇ ನೆರೆದಿತ್ತು. ಚಪ್ಪಾಳೆ ಬೇರೆ. ಕೆಂಪು ಜುಟ್ಟಿನ ಶಿರಸ್ತ್ರಾಣ ಧರಿಸಿದ್ದ ದಳಪತಿ, ಎಲೆಗಳಿಂದ ಹೆಣೆದ ಕಿರೀಟವೊಂದನ್ನು ಹಿಡಿದು ಮುಂದೆ ಬಂದ.

"ಈ ದಿನದ ಅತ್ಯುತ್ತಮ ಪ್ರದರ್ಶನ ನಿಮ್ಮದು, ಸರ್."

ನನಗೆ ಸಿಟ್ಟು ಬಂದಿತು. "ಇದು ಪ್ರದರ್ಶನವಲ್ಲ, ಊಟ. ಸಂಜೆ ನೀವು ಈ ಉಡುಪು ಕಳಚಿ ಪ್ಯಾಂಟು ಹಾಕಿಕೊಂಡು ಮನೆಗೆ ಹೋಗುತ್ತೀರಿ. ನಾನು ಇದೇ ಪಂಚೆಯಲ್ಲಿ ಹೋಗುತ್ತೇನೆ."

"ಬಹುಮಾನ ಅದಕ್ಕೇ."

"ಬದುಕಿರುವವನಿಗೆ ಬದುಕಿದ್ದಾನೆಂದು ಬಹುಮಾನ ಕೊಡುವುದುಂಟೇ? ನಾನು ಮುಟ್ಟುವುದಿಲ್ಲ."

ಅವನು ಶಿರಸ್ತ್ರಾಣ ತೆಗೆದು ತಲೆಬಾಗಿದ. ಸುಮಾ ಕುಂಬಾರಗಿತ್ತಿಯ ಹೂಜಿಗಳನ್ನು ಅತ್ಯಾಸಕ್ತಿಯಿಂದ ಪರೀಕ್ಷಿಸುತ್ತಿದ್ದಳು. ನಾನಂತೂ ಮಿಕ್ಕ ಮೊಸರನ್ನವನ್ನು ಚಕ್ರವರ್ತಿಯ ಗತ್ತಿನಲ್ಲಿ ಮುಗಿಸಿದೆ.

ಹಿಂತಿರುಗುವಾಗ ಕಾರಿನಲ್ಲಿ ಅನನ್ಯಾ ಕೇಳಿದಳು.

"ತಾತ, ಮನೇಲಿ ನೀವು ಆ ಮಂತ್ರಾನ ಟೂ ಸೆಕೆಂಡ್ಸ್‌ನಲ್ಲಿ ಮುಗಿಸ್ತೀರಲ್ಲ. ಟಿವಿ ನ್ಯೂಸ್ ನೋಡ್ಕೊಂಡೇ. ಇವತ್ತು ಯಾಕೆ ಅಷ್ಟು ಸ್ಲೋ?"

"ಸುಮ್ನಿರೇ," ಎಂದಳು ಸುಮಾ. ಕನ್ನಡಿಯಲ್ಲಿ ಅವಳ ಕಣ್ಣು ನಗುತ್ತಿತ್ತು.

ನನ್ನ ಬಳಿ ತಿದ್ದುಪಡಿ ಇರಲಿಲ್ಲ. ಕಣ್ಣು ಮುಚ್ಚುವ ಮೊದಲು ಆ ನೂಲುವವಳು ಕದಿರು ಬಿಟ್ಟು ಎದ್ದು ಬಂದದ್ದು, ಕಮ್ಮಾರ ಸುತ್ತಿಗೆ ಇಳಿಸಿದ್ದು, ನಾನು ಸ್ವರವನ್ನು ಒಂದು ಪಟ್ಟು ಏರಿಸಿದ್ದು, ಎಲ್ಲವೂ ನನಗೆ ಚೆನ್ನಾಗಿಯೇ ನೆನಪಿತ್ತು.

ಅಂದಿನಿಂದ ಮನೆಯಲ್ಲಿಯೂ ಟಿವಿ ಆರಿಸಿ, ಕಣ್ಣು ಮುಚ್ಚಿ, ಒಂದಕ್ಷರವನ್ನೂ ಬಿಡದೆ ಪರಿಷೇಚನೆ ಮಾಡತೊಡಗಿದೆ. ಸುಮಾ ಸಾರನ್ನು ಎರಡನೆಯ ಸಲ ಬಿಸಿ ಮಾಡುತ್ತಿದ್ದಳು. ಅನನ್ಯಾ ಎದುರಿಗೆ ಕುಳಿತು, ಗಲ್ಲಕ್ಕೆ ಕೈಯಿಟ್ಟು, ನನ್ನನ್ನೇ ನೋಡುತ್ತಿದ್ದಳು. ಕಣ್ಣು ಮುಚ್ಚಿದವನಿಗೆ ಅದು ಹೇಗೆ ತಿಳಿಯಿತೆಂದು ದಯವಿಟ್ಟು ಕೇಳಬೇಡಿ.