ಹುರಿಯುವ ಮನೆಯಲ್ಲೊಂದು ವಾಸನೆ

ಯೂಶಾನ್: ಬೆಳ್ಳುಳ್ಳಿ ತಿಂದಿದೀಯ! ಸುಳ್ಳು ಹೇಳಬೇಡ.

ಸುಫೆನ್: ಎಲ್ಲಿಂದ ತಿನ್ನಲಿ? ಮನೇಲಿದ್ದ ಬೆಳ್ಳುಳ್ಳಿನೆಲ್ಲ ಎತ್ಕೊಂಡು ಹೋಗಿ ಅಬಿಂಗ್ ಮನೆ ಬಾಗಿಲಿಗೆ ನೇತುಹಾಕಿ ಬಂದೋರು ನೀವೇ ತಾನೆ? ಚಹಾ ಕೊಯ್ಲು ಶುರುವಾದಾಗಿಂದ ಗಂಜಿ, ಬಿದಿರಿನ ಕಳಲೆ, ಕಳಲೆ, ಗಂಜಿ. ನನ್ನ ನಾಲಿಗೆ ಸನ್ಯಾಸ ತಗೊಂಡು ಕೂತಿದೆ.

ಯೂಶಾನ್: ಹಾಗಾದ್ರೆ ಚಹಾಗೆ ಈ ವಾಸನೆ ಎಲ್ಲಿಂದ ಬಂತು? ಮೂಸಿ ನೋಡು.

ಸುಫೆನ್ ಬಿದಿರಿನ ತಟ್ಟೆಗೆ ಮೂಗು ತಾಗಿಸಿದಳು. ಬೆಳಿಗ್ಗೆ ಹುರಿದ ಚಹಾ ಅದರಲ್ಲಿ ಆರುತ್ತಿತ್ತು. ಗಂಡ ಹೇಳಿದ್ದು ಸುಳ್ಳಲ್ಲ, ಏನೋ ಘಾಟು ಇತ್ತು. ಹ್ವಾತಿಂಗ್ ಶಿಖರದ ಚಳಿಗೆ ಚಿಗುರು ಬರುವುದೇ ತಡ. ಬಂದ ಎಳೆ ಎಲೆಯೋ ಅಕ್ಕಪಕ್ಕ ಏನಿದ್ದರೂ ಅದರ ವಾಸನೆ ಹೀರಿಕೊಂಡು ಕೂರುವಂಥದ್ದು. ಸಾಲದ್ದಕ್ಕೆ ನಾಳೆ ಸಂಸ್ಕೃತಿ ಇಲಾಖೆಯವರು ಬರುವವರಿದ್ದರು. ಈ ಮಂಜಿನ ಚಹಾವನ್ನು ಬರಿಗೈಯಲ್ಲಿ ಹುರಿಯುವ ವಿದ್ಯೆ ಉಳಿಸಿದವನೆಂದು ಯೂಶಾನನಿಗೆ ಹೋದ ವರ್ಷ ಬಿರುದು ಕೊಟ್ಟವರೇ ಅವರು. ಅಂದಿನಿಂದ ಅವನ ಮೂಗು ಇನ್ನೂ ಒಂದಿಷ್ಟು ಮೇಲೇರಿದೆ ಎಂಬುದು ಸುಫೆನ್‌ಳ ಅಭಿಪ್ರಾಯ.

ಸುಫೆನ್: ಇದು ಬೆಳ್ಳುಳ್ಳಿ ಅಲ್ಲ ಕಣ್ರೀ. ಔಷಧಿ ಅಂಗಡಿ ವಾಸನೆ.

ಅಷ್ಟರಲ್ಲಿ ಪಕ್ಕದ ಮನೆಯ ಅಬಿಂಗ್ ಒಳಗೆ ಬಂದ. ಯೂಶಾನ್ ಅವನ ಬಾಯಿಗೇ ಮೂಗು ಹಿಡಿದ.

ಯೂಶಾನ್: ಸಿಗರೇಟು!

ಅಬಿಂಗ್: ಅತ್ತಿಗೆ, ಇವನೇನು ನನ್ನ ಬಾಯಿ ಮೂಸ್ತಾನೆ? ಹೊಸ ವರ್ಷಕ್ಕೇ ಬಿಟ್ಟಾಯ್ತು ಮಾರಾಯ! ಕೇಳಿಲ್ಲಿ, ಕೆಳಗಿನ ಇಲಾಖೆಯಿಂದ ಫೋನ್ ಬಂದಿತ್ತು. ನಾಳೆ ಬರೋರು ನಿನ್ನ ಶಿಷ್ಯನ್ನೂ ನೋಡಬೇಕಂತೆ.

ಯೂಶಾನ್: ಯಾವ ಶಿಷ್ಯ?

ಅಬಿಂಗ್: ನಾನೂ ಅದನ್ನೇ ಕೇಳಿದೆ. ಬಂದ ಹುಡುಗರನ್ನೆಲ್ಲ ನೀನೇ ಓಡಿಸಿದೆ. ಒಬ್ಬನ ಕೈ ಬೆವರುತ್ತೆ ಅಂದೆ, ಇನ್ನೊಬ್ಬ ಜಾಸ್ತಿ ನಗ್ತಾನೆ ಅಂದೆ. ಶಿಷ್ಯ ಇಲ್ದಿದ್ರೆ ಈ ವಿದ್ಯೆ ನಿನ್ನ ಜೊತೆಗೇ ಮುಗೀತು ಅಂತ ತೀರ್ಮಾನ ಮಾಡ್ಕೊಂಡು ಹೋಗ್ತಾರೆ, ಅಷ್ಟೇ.

ಯೂಶಾನ್: ಮೊದಲು ವಾಸನೆ ಪತ್ತೆಯಾಗ್ಲಿ!

ಅಬಿಂಗ್ ತಟ್ಟೆ ಮೂಸಿದ.

ಅಬಿಂಗ್: ಕರ್ಪೂರ. ಹಳೇ ಬಟ್ಟೆ ಪೆಟ್ಟಿಗೆ ತೆಗೆದ ಹಾಗಿದೆ.

ಯೂಶಾನ್: ನೋಡಿದ್ಯಾ? ಇವಳ ರಜಾಯಿ!

ಸುಫೆನ್: ನನ್ನ ರಜಾಯಿ ಎದ್ದು ಬಂದು ಚಹಾ ಹುರೀತಾ?

ಸಿಟ್ಟಿನಲ್ಲೇ ಅವಳು ವಾಸನೆಯ ಜಾಡು ಹಿಡಿದಳು. ತಟ್ಟೆಯಿಂದ ಬಾಣಲೆ, ಬಾಣಲೆಯಿಂದ ಒಲೆ, ಒಲೆಯಿಂದ ಗಂಡ. ಯೂಶಾನ್ ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತ.

ಸುಫೆನ್: ತಿರುಗಿ.

ಯೂಶಾನ್: ಯಾಕೆ ತಿರುಗಲಿ? ನನ್ನ ಮನೆ, ನನ್ನ ಗೋಡೆ.

ಸುಫೆನ್ ಅವನ ಕಾಲರಿನೊಳಗೆ ಕೈ ಹಾಕಿ ಎಳೆದಳು. ಚರ್ರೆಂದಿತು. ಯೂಶಾನ್ ಕಿರುಚಿದ. ಅವಳ ಕೈಯಲ್ಲಿ ಅಂಗೈಯಗಲದ, ಕರ್ಪೂರದ ಘಾಟಿನ ನೋವಿನ ಪಟ್ಟಿ.

ಸುಫೆನ್: ಇದೇನು?

ಯೂಶಾನ್: ಅದು ನಂದಲ್ಲ.

ಸುಫೆನ್: ನಿಮ್ಮ ಬೆನ್ನ ಮೇಲಿತ್ತು!

ಯೂಶಾನ್: ಯಾರಾದ್ರೂ ಅಂಟಿಸಿರಬೇಕು.

ಅಬಿಂಗ್ ಹೊಟ್ಟೆ ಹಿಡಿದುಕೊಂಡು ನಕ್ಕ. ಸುಫೆನ್‌ಗೂ ನಗು ಬಂದಿತ್ತು. ಆದರೂ ಅಂಗಿ ಸರಿಸಿ ನೋಡಿದಳು. ಬಲ ಭುಜದ ತುಂಬ ಪಟ್ಟಿಗಳೇ ಇದ್ದವು.

ಸುಫೆನ್: ಕೈ ಎತ್ತಿ, ನೋಡೋಣ.

ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

ಸುಫೆನ್: ನಂಗ್ಯಾಕೆ ಹೇಳಲಿಲ್ಲ?

ಯೂಶಾನ್: ಹೇಳಿದ್ರೆ ಬಾಣಲೆ ಹತ್ರ ಹೋಗೋಕೆ ಬಿಡ್ತಿದ್ಯಾ?

ಸುಫೆನ್: ಇಲ್ಲ.

ಯೂಶಾನ್: ಅದಕ್ಕೇ.

ಮೂಲೆಯಲ್ಲಿ ಮಧ್ಯಾಹ್ನ ಕೊಯ್ದ ಚಿಗುರಿನ ಬುಟ್ಟಿ ಇತ್ತು. ಸಂಜೆಯೊಳಗೆ ಹುರಿಯದಿದ್ದರೆ ಎಲೆ ಕೆಂಪಾಗುತ್ತದೆ. ಸುಫೆನ್ ಅಂಗಿಯ ತೋಳು ಮಡಚಿ ಬಾಣಲೆಯ ಮುಂದೆ ನಿಂತಳು.

ಯೂಶಾನ್: ಏಯ್, ಏನು ಮಾಡ್ತಿದೀಯ? ನಮ್ಮ ಮನೆತನದಲ್ಲಿ ಹೆಂಗಸರು ಕೊಯ್ತಾರೆ, ಗಂಡಸರು ಹುರೀತಾರೆ. ನಮ್ಮಪ್ಪ—

ಸುಫೆನ್: ನಿಮ್ಮಪ್ಪ ಗೋಡೆ ಮೇಲೆ ಫೋಟೋದಲ್ಲಿದಾರೆ. ಇಳಿದು ಬಂದು ಹುರಿಯೋದಾದ್ರೆ ನಾನೇನೂ ಬೇಡ ಅನ್ನಲ್ಲ. ನೀವು ಹೊರಗೆ ನಡೀರಿ. ನಿಮ್ಮ ಕರ್ಪೂರ ಈ ಎಲೆಗೂ ಹತ್ತೋದು ಬೇಡ.

ಬಿರುದು ಪಡೆದ ಗುರು ಅಂಗಳದ ಮಂಜಿನಲ್ಲಿ ನಿಂತು ಕಿಟಕಿಯಿಂದ ಪಾಠ ಹೇಳಬೇಕಾಯಿತು. ಅಬಿಂಗ್ ಒಲೆಗೆ ಕಟ್ಟಿಗೆ ಹಾಕಿದ. ಕಾದ ಬಾಣಲೆಗೆ ಬಿದ್ದ ಎಲೆ ಚಿಟಪಟ ಅಂದಿತು.

ಯೂಶಾನ್: ಮೇಲೆತ್ತು! ಉದುರಿಸು! ಒತ್ತಬೇಡ!

ಸುಫೆನ್: ಕಿರುಚಬೇಡಿ, ಎಲೆ ಹೆದರುತ್ತೆ. ಅಯ್ಯೋ, ಬೆರಳು!

ಯೂಶಾನ್: ಬೆರಳು ಬಿಡು, ಬಣ್ಣ ಹೇಗಿದೆ?

ಸುಫೆನ್: ಹಸಿರು.

ಯೂಶಾನ್: ಎಂಥ ಹಸಿರು?

ಸುಫೆನ್: ನೀವೇ ಅಲ್ಲಿಂದ ಕತ್ತು ಚಾಚಿ ನೋಡಿ!

ಯೂಶಾನ್: ಸಾಕು, ಇಳಿಸು.

ಸುಫೆನ್: ಹಸಿ ವಾಸನೆ ಇನ್ನೂ ಹೋಗಿಲ್ಲ. ನಿಮ್ಮ ಮೂಗಿಗೆ ಕರ್ಪೂರ ಬಿಟ್ಟು ಬೇರೇನು ಗೊತ್ತಾಗುತ್ತೆ? ಸುಮ್ನಿರಿ.

ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಅವಳು ಹುರಿಯುತ್ತೇನೆ ಅಂದಿದ್ದಳು. ಮನೆಯವರೆಲ್ಲ ನಕ್ಕಿದ್ದರು. ಆಮೇಲೆ ಕೇಳಿರಲಿಲ್ಲ. ಈಗ ಅಂಗೈ ಉರಿಯುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಹುರಿದು, ಉಜ್ಜಿ, ಒಣಗಿಸುವ ಹೊತ್ತಿಗೆ ಸಂಜೆಯಾಯಿತು. ಗಾಜಿನ ಲೋಟಕ್ಕೆ ಬಿಸಿನೀರು ಬಿತ್ತು. ಎಲೆಗಳು ನಿಧಾನವಾಗಿ ಬಿಚ್ಚಿಕೊಂಡವು. ಹೊಸ್ತಿಲಲ್ಲಿ ಕೂತು ಯೂಶಾನ್ ಒಂದು ಗುಟುಕು ಕುಡಿದ.

ಯೂಶಾನ್: ಕೊನೇಲಿ ಸ್ವಲ್ಪ ಅವಸರ ಆಗಿದೆ.

ಇನ್ನೊಂದು ಗುಟುಕು ಕುಡಿದ.

ಯೂಶಾನ್: ಸ್ವಲ್ಪನೇ.

ಲೋಟ ಖಾಲಿ ಮಾಡಿ ಮುಂದೆ ಚಾಚಿದ.

ಯೂಶಾನ್: ಇನ್ನೊಂಚೂರು ನೀರು ಹಾಕು.

ಹಿಡಿಸದ ಚಹಾಕ್ಕೆ ಅವನು ಎರಡನೇ ಸಲ ನೀರು ಕೇಳುವವನಲ್ಲ. ಸುಫೆನ್ ನೀರು ಹಾಕಿದಳು.

ಅಬಿಂಗ್: ಹಾಗಾದ್ರೆ ನಾಳೆ ಬರೋರಿಗೆ ಶಿಷ್ಯ ಯಾರು ಅಂತ ಹೇಳಲಿ?

ಯೂಶಾನ್: ಸಿಕ್ಕಿದಾರೆ ಅನ್ನು.

ಅಬಿಂಗ್: ವಯಸ್ಸು ಕೇಳಿದ್ರೆ?

ಯೂಶಾನ್: ಐವತ್ತೆಂಟು.

ಸುಫೆನ್: ಐವತ್ತೇಳು!

ಯೂಶಾನ್: ನೋಡಿದ್ಯಾ ಅಬಿಂಗ್? ಮೊದಲನೇ ದಿನಾನೇ ಗುರುವಿಗೆ ಎದುರುತ್ತರ!

ಸುಫೆನ್: ತಪ್ಪಾಯ್ತು ಗುರುಗಳೇ. ನೀರು ಕಾಯಿಸಿದೀನಿ, ಹೋಗಿ ಸ್ನಾನ ಮಾಡ್ಕೊಂಡು ಬನ್ನಿ. ಅಲ್ಲೀವರೆಗೂ ಪಾಠ ಕಿಟಕಿಯಿಂದಲೇ.