ಜೂನ್ ಒಂದರ ಪಾಸ್‌ವರ್ಡು

ಕಂಪ್ಯೂಟರ್ ಹೇಳಿದಷ್ಟೇ ಮಾಡ್ತದ, ನಮ್ಮ ಮಂದಿ ಹೇಳಿದ್ದೊಂದು ಬಿಟ್ಟು ಉಳಿದಿದ್ದೆಲ್ಲಾ ಮಾಡ್ತಾರ. ಇಬ್ಬರ ನಡುವ ಕುಂತು ನೌಕರಿ ಮಾಡಿದವನಿಗಿ ಇಂಥವು ಆಗ್ತಾನೇ ಇರ್ತಾವ. ನಾ ಬೀದರದ ಒಂದು ಕಾಲೇಜಿನಾಗ ಕಂಪ್ಯೂಟರ್ ನೋಡಿಕೊಳ್ಳಾಂವ. ಭಾಲ್ಕಿ, ಔರಾದದಾಗ ನಮ್ಮ ಶಾಖೆ ಇದ್ದವು, ಮೂರೂ ಕಡಿ ಲ್ಯಾಬು ಒಂದೇ ನೆಟ್‌ವರ್ಕಿಗಿ ಜೋಡಿಸಿದ್ವಿ. ಎರಡು ವರ್ಷ ಮಳಿ ಹೋದ ಕಾಲದ ಮಾತು.

೧. ಲಗೂನ ಮುಗಿಸಿದ ತಪ್ಪು

ಹುಡುಗರು, ಮಾಸ್ತರರು, ಎಲ್ಲಾರಿಗೂ ನೆಟ್‌ವರ್ಕಿನಾಗ ಒಂದೊಂದು ಖಾತೆ ತೆರೀರಿ ಅಂದ್ರು ಪ್ರಿನ್ಸಿಪಾಲರು. ನಮ್ಮ ಹಿರಿಯ ಕ್ಲಾರ್ಕು ಒಂದೊಂದೇ ಟೈಪ್ ಮಾಡ್ಲಿಕತ್ತಿದ್ರು. ನಾ ಕುಂತು ಒಂದು ಸ್ಕ್ರಿಪ್ಟ್ ಬರದೆ. ಸ್ಕ್ರಿಪ್ಟ್ ಅಂದ್ರ ಕಂಪ್ಯೂಟರಿಗಿ ಕೊಟ್ಟ ಚೀಟಿ: ಈ ಯಾದಿ ಓದು, ಹೆಸರಿನ ಮ್ಯಾಲ ಖಾತೆ ತೆರಿ, ಹುಟ್ಟಿದ ತಾರೀಖು ಪಾಸ್‌ವರ್ಡ್ ಮಾಡು. ಚಹಾ ಆರೋದರೊಳಗ ಮೂರೂ ಊರಿನ ಖಾತೆ ತಯಾರಾದವು.

ಕ್ಲಾರ್ಕು ಮೆಲ್ಲಕ ಹೇಳಿದ್ರು, "ಇದು ಸಾಹೇಬರಿಗಿ ಹೇಳಬ್ಯಾಡ್ರಿ. ಹದಿನೈದು ದಿನ ಹಿಡಿತದ ಅನ್ರಿ."

ನನಗ ಉಮೇದಿ ತಡೀಲಿಲ್ಲ, ಹೋಗಿ ಹೇಳಿಬಿಟ್ಟೆ. ಪ್ರಿನ್ಸಿಪಾಲರು ಭಾಳ ಖುಷಿಯಾದ್ರು. "ಹಂಗಾದ್ರ ನೀವು ಖಾಲಿ ಇದ್ದೀರಿ" ಅಂದ್ರು. ಮರುದಿನದಿಂದ ಹಾಸ್ಟೆಲಿನ ನೀರಿನ ಟ್ಯಾಂಕರ್ ಕಾಯೋ ಕೆಲಸ ನನಗ ಬಂತು.

೨. ಎಲ್ಲಾರೂ ಒಂದೇ ದಿನ ಹುಟ್ಟಿದವರು

ಟ್ಯಾಂಕರ್ ಮುಂದ ನಿಂತಾಗ ಭಾಲ್ಕಿ ಶಾಖೆಯ ಲ್ಯಾಬಿನ ಮೇಡಂ ಫೋನ್ ಮಾಡಿದ್ರು. "ಸರ್, ಇಲ್ಲಿ ಒಬ್ಬರ ಕೀಲಿ ಎಲ್ಲಾರ ಬಾಗಿಲಿಗೂ ಹತ್ತಲಿಕತ್ತಾದ್ರಿ. ಭಾತಂಬ್ರಾದ ಹುಡುಗನ ಖಾತೆದಾಗ ಇನ್ನೊಬ್ಬ ಕುಂತಾನ."

ಯಾದಿ ತೆಗೆದು ನೋಡಿದೆ. ಒಂದೇ ವರ್ಗದವರೆಲ್ಲಾ ಒಂದೇ ವರ್ಷ ಜೂನ್ ಒಂದಕ್ಕೇ ಹುಟ್ಟಿದವರು. ಸಾಲಿಗಿ ಹಾಕಿದಾಗ ತಾಯಿ-ತಂದಿಗಿ ತಾರೀಖು ಗೊತ್ತಿಲ್ಲಂದ್ರ ಹೆಡ್ಮಾಸ್ತರರು ಅದನ್ನೇ ಬರ್ಕೋತಿದ್ರು. ಸಿಟ್ಟಿಲೆ ಪ್ರಿನ್ಸಿಪಾಲರ ಹಂತ್ಯಾಕ ಹೋಗಿ, ಈ ಯಾದಿನೇ ಸುಳ್ಳು ಅದರಿ ಅಂದೆ.

"ನೀವು ಯಾವಾಗ ಹುಟ್ಟೀರಿ?" ಅಂದ್ರು. "ಜೂನ್ ಒಂದಕ್ಕರಿ" ಅಂದೆ. "ನಂದೂ ಅದೇ" ಅಂದ್ರು ಅವರು.

ಖರೇ ತಾರೀಖು ಇದ್ದದ್ದು ಆ ಮೇಡಂಗ ಒಬ್ಬರಿಗೇ. ಅವರದು ಮಿಷನ್ ಕಾಲದಿಂದ ಚರ್ಚಿಗಿ ಹೋಗೋ ಮನಿ, ಹುಟ್ಟಿದ್ದು ಚರ್ಚಿನ ಪುಸ್ತಕದಾಗ ಬರದಿಟ್ಟಾರ. ಆದ್ರ ಅವರ ಖಾತೆ ಮಾತ್ರ ಅವರಿಗಿ ತೆರೀಲಿಲ್ಲ. ಎಲ್ಲಾರದೂ ಜೂನ್ ಒಂದು ಇದ್ದಾಗ ಇವರದೊಂದು ತಪ್ಪಾಗ್ಯಾದ ಅಂತ ನಮ್ಮ ಕ್ಲಾರ್ಕು ತಿದ್ದಿಬಿಟ್ಟಿದ್ರು. ಜೂನ್ ಒಂದು ಹಾಕಿದ ಮ್ಯಾಲ ತೆರೀತು.

ಪಾಸ್‌ವರ್ಡ್ ಎಲ್ಲಾ ಬದಲ್ ಮಾಡ್ತೇನಿ ಅಂದೆ. ಟ್ಯಾಂಕರಿನ ಗದ್ದಲದಾಗ ಅದು ಅಷ್ಟಕ್ಕೇ ಉಳೀತು.

೩. ಯಾರಿಗೂ ರಿಯಾಯಿತಿ ಇಲ್ಲ

ಮುಂದ ಇನ್ನೊಂದು ಹುಕುಂ ಬಂತು. ತಿಂಗಳಿಡೀ ಲಾಗಿನ್ ಮಾಡದವರ ಖಾತೆ ತಾನೇ ಬಂದ್ ಆಗಬೇಕು. ಅದಕ್ಕೂ ಒಂದು ಸ್ಕ್ರಿಪ್ಟ್ ಬರದಿಟ್ಟೆ.

ದೀಪಾವಳಿ ಆದ ಮ್ಯಾಲ ಹೊಲದಾಗ ತೊಗರಿ ಒಣಗಿತು. ಮಂದಿ ಗಂಟು ಕಟ್ಟಿ ಹೈದರಾಬಾದ್, ಪುಣೆ ಅಂತ ಗುಳೆ ಹೊಂಟ್ರು. ಔರಾದದ ಲ್ಯಾಬಿನಾಗ ಕುರ್ಚಿ ಖಾಲಿ ಬಿದ್ದವು. ಆಗ ನನಗ ಅಂಜಿಕಿ ಶುರುವಾಯ್ತು. ಪರೀಕ್ಷಾ ಫಾರ್ಮು ಇರೋದೇ ಆ ಖಾತೆಯೊಳಗ. ಖಾತೆ ಹೋದ್ರ ಫಾರ್ಮಿಲ್ಲ, ಫಾರ್ಮಿಲ್ಲಂದ್ರ ವರ್ಷ ಹೋಯ್ತು. ದುಡಿಲಿಕ್ಕ ಹೋದ ಹುಡುಗರ ಹೆಸರು ನನ್ನ ಕೈಲೇ ಅಳಿಸಿಹೋಗ್ತದಲ್ಲ ಅಂತ ಭಾಳ ಕೆಟ್ಟನಿಸ್ತು.

"ಈ ಸಲ ನಿಲ್ಲಸ್ರಿ ಸರ್" ಅಂದೆ.

"ನಿಯಮ ಅಂದ್ರ ನಿಯಮ. ಯಾರಿಗೂ ರಿಯಾಯಿತಿ ಇಲ್ಲ, ನನಗೂ ಇಲ್ಲ" ಅಂದ್ರು ಪ್ರಿನ್ಸಿಪಾಲರು.

ಮುಂದಿನ ತಿಂಗಳ ಒಂದನೇ ತಾರೀಖಿಗಿ ಸ್ಕ್ರಿಪ್ಟ್ ಮೊದಲ ಸಲ ಓಡಿತು. ಜೀವ ಕೈಯಾಗ ಹಿಡಿದು ನೋಡಿದೆ. ಗುಳೆ ಹೋದವರವೆಲ್ಲಾ ಹ್ಯಾಂಗೋ ಚಾಲೂ ಇದ್ದವು. ಬಂದ್ ಆದ ಖಾತೆ ಒಂದೇ ಒಂದು, ಅದು ಪ್ರಿನ್ಸಿಪಾಲರದು. ಎಲ್ಲಾ ಕೆಲಸ ಕಾಗದದ ಮ್ಯಾಲ ಮಾಡೋ ಮನುಷ್ಯ, ಒಂದು ದಿನವೂ ಲಾಗಿನ್ ಮಾಡಿದ್ದಿಲ್ಲ. ಹೇಳಬೇಕಿತ್ತು ಖರೇ. ನಿಯಮ ನೆನಪಾಗಿ ಬಾಯಿ ಮುಚ್ಚಿದೆ.

೪. ಅಂಗಳ ಕಸ

ಫಾರ್ಮಿನ ಕೊನಿ ದಿನ, ಮಧ್ಯಾಹ್ನ ಮೂರಕ್ಕ ಒಬ್ಬ ಹುಡುಗಿ ಬಂದು ನಿಂತಳು. ಠಾಣಾ ಕುಶನೂರದಾಕಿ, ಔರಾದ ಶಾಖೆಯ ಕೊನಿ ವರ್ಷ. ಮನಿತನದಾಗ ಡಿಗ್ರಿ ತನಕ ಬಂದಾಕಿ ಇಕಿ ಒಬ್ಬಾಕಿನೇ. ಮೂರು ತಿಂಗಳಿಂದ ತಾಯಿ-ತಂದಿ ಜೋಡಿ ಹೈದರಾಬಾದಿನಾಗ ಕಟ್ಟಡದ ಕೆಲಸ. ಬಸ್ ಇಳಿದು ಸೀದಾ ಬಂದಿದ್ದಳು, ಚಪ್ಪಲಿಗಿ ಸಿಮೆಂಟ್ ಹಂಗೇ ಹತ್ತಿತ್ತು.

"ಸರ್, ನನ್ನ ಖಾತೆ ಅದನ್ರಿ? ಇಲ್ಲಂದ್ರ ಹಂಗೇ ವಾಪಸ್ ಹೋಗ್ತೇನ್ರಿ."

ತೆಗೆದು ನೋಡಿದ್ರ ಖಾತೆ ಚಾಲೂ ಅದ. ಹೋದ ವಾರ ಔರಾದದಿಂದ ಲಾಗಿನ್ ಆಗ್ಯಾದ. "ನೀ ಹೋದ ವಾರ ಔರಾದದಾಗ ಇದ್ದೇನವ್ವಾ?"

"ಇಲ್ರಿ, ಇಟ್ಟಂಗಿ ಹೊರ್ಲಿಕತ್ತಿದ್ದೆರಿ."

ಕೇಳ್ಕೋತ ಕುಂಡ್ರೋ ಹೊತ್ತಲ್ಲ ಅದು. ಫಾರ್ಮು ತುಂಬಿದಳು. ಇನ್ನ ಐದರೊಳಗ ಬಂದ ಫಾರ್ಮಿಗೆಲ್ಲಾ ಪ್ರಿನ್ಸಿಪಾಲರು ತಮ್ಮ ಖಾತೆಯಿಂದ ಒಮ್ಮೆಲೇ ಒಪ್ಪಿಗಿ ಕೊಡಬೇಕು. ಅವರು ಎರಡು ಬೆರಳಿಲೆ ಟೈಪ್ ಮಾಡಿ, ಕನ್ನಡಕ ತೆಗೆದು ನನ್ನ ಕಡಿ ನೋಡಿದ್ರು. "ಬಂದ್ ಆಗ್ಯಾದ ಅಂತದಲ್ಲ?"

"ನಿಯಮರಿ ಸರ್."

ಓಡಿ ಬಂದು ಒಬ್ಬರದೇ ಹೆಸರಿನ ಯಾದಿ ಮಾಡಿ ಸ್ಕ್ರಿಪ್ಟ್ ಓಡಿಸಿದೆ. ಹುಟ್ಟಿದ ತಾರೀಖು ಕೇಳಿತು. ಹಿಂದಿನಿಂದ ಕ್ಲಾರ್ಕು, "ಜೂನ್ ಒಂದೇ ಹಾಕ್ರಿ, ಸಾಹೇಬರಿಗಿ ನೆನಪಿರ್ತದ" ಅಂದ್ರು. ಐದಕ್ಕ ಹತ್ತು ನಿಮಿಷ ಇದ್ದಾಗ ಒಪ್ಪಿಗಿ ಬಿತ್ತು. ಆ ಹುಡುಗಿ ಟೇಬಲ್ ಹಿಡಕೊಂಡು ಒಂದು ದೊಡ್ಡ ಉಸಿರು ಬಿಟ್ಟಳು, ಕಣ್ಣಾಗ ನೀರು ಬಂದಿತ್ತು.

ಪ್ರಿನ್ಸಿಪಾಲರು ಕೇಳಿದ್ರು, "ಅಲ್ಲವ್ವಾ, ಹೈದರಾಬಾದಿನಾಗ ಇದ್ದಾಕಿ, ನಿನ್ನ ಖಾತೆ ಹ್ಯಾಂಗ ಉಳೀತು?"

"ನಮ್ಮೂರಾಗ ದುಡಿಲಿಕ್ಕ ಹೋಗುವಾಗ ಮನಿ ಕೀಲಿ ಬಾಜೂ ಮನಿಯವರಿಗಿ ಕೊಟ್ಟು ಹೋಗ್ತೇವ್ರಿ. ಅವರು ವಾರಕ್ಕೊಮ್ಮಿ ಬಾಗಿಲು ತೆರದು, ಅಂಗಳ ಕಸ ಹೊಡದು, ಮುಚ್ತಾರ್ರಿ. ಔರಾದದಾಗ ನನ್ನ ಗೆಳತಿ ಅದಾಳ್ರಿ. ಹೋದವರೆಲ್ಲಾರ ಖಾತೆ ಆಕಿ ಹಂಗೇ ತೆರದು ಮುಚ್ತಾಳ್ರಿ. ಎಲ್ಲಾರ ಕೀಲಿ ಒಂದೇ ಅದಲ್ರಿ."

ಪ್ರಿನ್ಸಿಪಾಲರು ನನಗ, "ಮಳಿ ಬರೋ ತನಕ ಆ ಪಾಸ್‌ವರ್ಡ್ ಮುಟ್ಟಬ್ಯಾಡ್ರಿ" ಅಂದ್ರು. ಆಮ್ಯಾಲ ಮನಸ್ಸಿಗಿ ಹತ್ತಿದವರಂಗ ಹುಡುಗಿಗಿ ಕೇಳಿದ್ರು, "ಮತ್ತ ನನ್ನ ಖಾತೆ ಯಾಕ ಯಾರೂ ತೆರೀಲಿಲ್ಲ?"

ಹುಡುಗಿ ತಲಿ ಬಗ್ಗಿಸಿ, ಭಾಳ ಮರ್ಯಾದಿಲೆ ಹೇಳಿದಳು, "ನೀವು ಊರಾಗೇ ಇದ್ದಿರಲ್ರಿ ಸರ್."